ಅತ್ತೆಗೊಂದು ವಿಮೆ

ಬಾಗಿಲ ಹಿಂದೆ ನೇತುಹಾಕಿದ್ದ ಕೋಟನ್ನು ಅತ್ತೆ "ತಿಂಡಿ ತಿಂದ್ಯೇನೋ ಮಗಾ?" ಎಂದು ವಿಚಾರಿಸಿದ್ದೇ ಈ ರಾದ್ಧಾಂತಕ್ಕೆಲ್ಲ ಮೂಲ. ಕೋಟು ಉತ್ತರ ಕೊಡಲಿಲ್ಲ. "ಕೋಪ ಬಂದಿದೆ, ಪಾಪ" ಎಂದು ಅತ್ತೆ ಅದರ ತೋಳು ಸವರಿದರು. ಪಕ್ಕದಲ್ಲೇ ನಿಂತಿದ್ದ ಕೋಟಿನ ಒಡೆಯ ಆ ಕೈಯನ್ನು ಹಿಡಿದು ತನ್ನ ತೋಳಿನ ಮೇಲಿಟ್ಟುಕೊಂಡ. ಹೆತ್ತವರು ಹೋದ ಮೇಲೆ ಇವನನ್ನು ಸಾಕಿ ಸಲಹಿದ ಸೋದರತ್ತೆ ಆಕೆ. ಎರಡೂ ಕಣ್ಣಿಗೆ ಪೊರೆ ಬಂದು ಈಗ ಇವನೇ ಕಾಣದಾಗಿದ್ದ. ಆಪರೇಷನ್ ಮಾಡಿಸೋಣವೆಂದರೆ ಕೈಯಲ್ಲಿ ಕಾಸಿಲ್ಲ.

ನಕ್ಷೆ ಕಚೇರಿಯಲ್ಲಿ ನದಿಗಳಿಗೆ ನೀಲಿ ಬಣ್ಣ ತುಂಬುವುದು ಇವನ ಕೆಲಸ. ಕುಂಚ ಹಿಡಿದನೆಂದರೆ ನದಿಯ ಜೊತೆ ತಾನೂ ಹೊರಟುಬಿಡುತ್ತಿದ್ದ. ಅದಕ್ಕೇ ಅಲ್ಲಿ ಎಲ್ಲರ ಬಾಯಲ್ಲೂ ಇವನು ತೇಲುಗಣ್ಣ. ನೌಕರರು ಮನೆಯವರಿಗೆ ಆರೋಗ್ಯ ವಿಮೆ ಆರಿಸಿಕೊಳ್ಳಲು ಅಂದೇ ಕೊನೆಯ ದಿನ.

"ಎರಡು ಪ್ಲಾನ್ ಇದೆ ಸಾರ್," ಎಂದರು ವಿಮೆ ನೋಡಿಕೊಳ್ಳುವ ಮೇಡಂ. "ಸಣ್ಣದ್ರಲ್ಲಿ ಹೆಂಡ್ತಿ, ಮಕ್ಕಳು. ದೊಡ್ಡದು ಫ್ಯಾಮಿಲಿ ಫ್ಲೋಟರ್, ಮನೆಯವರಿಗೆಲ್ಲ ಸೇರಿ ಒಂದೇ ಮೊತ್ತ, ಅದ್ರಲ್ಲಿ ಅತ್ತೇನೂ ಬರ್ತಾರೆ. ಸಂಬಳದಲ್ಲಿ ಜಾಸ್ತಿ ಹಿಡೀತಾರೆ. ಒಂದ್ಸಲ ಆರಿಸಿದ್ರೆ ಮತ್ತೆ ಬದಲಾಯಿಸೋ ಹಾಗಿಲ್ಲ."

"ಸಣ್ಣದೇ ಸಾಕು ಕಣಯ್ಯಾ," ಎಂದ ಪಕ್ಕದ ಮೇಜಿನಲ್ಲಿ ನಕ್ಷೆಗೆ ಗಡಿಗೆರೆ ಎಳೆಯುವವ, ಯಾರೂ ಕೇಳದಿದ್ದರೂ. "ಅತ್ತೇಗೆ ಯಾರಾದ್ರೂ ದುಡ್ಡು ಸುರೀತಾರಾ?"

"ನಮ್ಮತ್ತೆ ದೇವರಂಥವರು," ಎಂದ ತೇಲುಗಣ್ಣ. ಗಡಿಗೆರೆಯವ ಅವನನ್ನು ಮೇಲಿಂದ ಕೆಳಗೆ ನೋಡಿ, ಮೈ ಹುಷಾರಿಲ್ಲವೇನೋ ಎಂದು ನೀರಿನ ಲೋಟ ಮುಂದೆ ತಳ್ಳಿದ.

ತೇಲುಗಣ್ಣ ದೊಡ್ಡದಕ್ಕೇ ಹೂಂ ಎಂದು ಬಂದು ಕೂತ. ಫ್ಲೋಟರ್ ಎಂಬ ಮಾತು ತಲೆಯೊಳಗೆ ಹಿತವಾಗಿ ಓಲಾಡುತ್ತಿತ್ತು. ಹೆಂಡತಿ, ಮಗಳು, ಅತ್ತೆ ಎಲ್ಲರೂ ಒಂದೇ ದೊಡ್ಡ ಚಾಪೆಯ ಮೇಲೆ ಕೂತು ತಿಳಿನೀಲಿ ನೀರಿನಲ್ಲಿ ತೇಲುತ್ತಿದ್ದರು. ಅತ್ತೆ ದಡದ ಮರಗಳ ಎಲೆಗಳನ್ನು ಒಂದೊಂದಾಗಿ ನೋಡಿ ನಗುತ್ತಿದ್ದರು. ನೀರು ಹರಿಯಿತು, ಇವನ ಕುಂಚವೂ ಹರಿಯಿತು.

"ಏನ್ರೀ ಇದು!" ಮೇಲಧಿಕಾರಿಯ ದನಿಗೆ ಚಾಪೆ ಮಗುಚಿತು. "ರೈಲು ದಾರಿ ತುಂಬ ನೀರು ಹರಿಸಿದ್ದೀರಲ್ರೀ! ಇನ್ನು ರೈಲು ಈಜ್ಕೊಂಡು ಹೋಗ್ಬೇಕಾ?"

ತಮ್ಮ ಕೋಣೆಗೇ ಕರೆಸಿಕೊಂಡು ಸಂಜೆಯವರೆಗೂ ಆ ನೀಲಿಯನ್ನು ಕೆರೆಸಿದರು. ಅತ್ತೆಯ ಹೆಸರು ಕೇಳಲು ಬಂದ ಮೇಡಂ ಖಾಲಿ ಕುರ್ಚಿ ನೋಡಿ ಇವನ ಮನೆಗೇ ಫೋನ್ ಮಾಡಿದರು.

ಮನೆಗೆ ಬಂದರೆ ಹೆಂಡತಿಯ ಕಣ್ಣಲ್ಲಿ ನೀರು. "ನನಗೆ ಒಂದು ಮಾತೂ ಹೇಳ್ಲಿಲ್ಲ ನೋಡಿ ನೀವು! ಅತ್ತೆ ಹೆಸರು ಕೊಡಿ ಅಂತ ಫೋನ್ ಬಂತು. ಯಾವ ಅತ್ತೆ ಅಂದೆ. ವಿಮೇಲಿ ಅತ್ತೆ ಅಂದ್ರೆ ಹೆಂಡ್ತಿ ತಾಯಿ ಮಾತ್ರ ಅಂದ್ರು. ನಮ್ಮಮ್ಮನ ಹೆಸರು ಕೊಟ್ಟೆ, ಅಮ್ಮನಿಗೂ ಫೋನ್ ಮಾಡಿ ಹೇಳ್ದೆ. ಅಮ್ಮನ ಮೇಲೆ ನಿಮಗೆ ಇಷ್ಟು ಪ್ರೀತಿ ಅಂತ ಇಷ್ಟು ವರ್ಷ ಗೊತ್ತೇ ಆಗ್ಲಿಲ್ಲ!"

ಇವನ ಬಾಯಿ ತೆರೆಯಿತು. ಆ ಮುಖದ ಸಂತೋಷ ನೋಡಿ ಮತ್ತೆ ಮುಚ್ಚಿತು. ಮೂಲೆಯಲ್ಲಿದ್ದ ಸೋದರತ್ತೆ ಹೆಜ್ಜೆ ಸದ್ದಿನ ಕಡೆಗೆ ಕೈ ಚಾಚಿ, "ಒಳ್ಳೇ ಕೆಲ್ಸ ಮಾಡ್ದೆ ಮಗಾ" ಎಂದರು.

ಅಷ್ಟರಲ್ಲಿ ಬಾಗಿಲಲ್ಲಿ ಹೆಂಡತಿಯ ತಾಯಿ ಕಾಣಿಸಿಕೊಂಡರು. ಮಂದ ಬೆಳಕಲ್ಲೂ ಸೂಜಿಗೆ ದಾರ ಪೋಣಿಸುವ ಕಣ್ಣು, ಗುಂಡುಕಲ್ಲಿನಂಥ ಮೈ, ಕೈಯಲ್ಲಿ ಪೆಟ್ಟಿಗೆ.

"ಅಳಿಯಂದ್ರೇ, ನನಗೇನೂ ಕಾಯಿಲೆ ಇಲ್ಲ. ಹಾಗಂತ ವಿಮೆ ದುಡ್ಡು ದಂಡ ಆಗ್ಬಾರ್ದಲ್ಲ? ಮಂಡಿ, ಕಣ್ಣು ಅಂತ ಆಪರೇಷನ್ ಆದ್ರೆ ವಿಮೆ ದುಡ್ಡಿಗೆ ಎರಡು ವರ್ಷ ಕಾಯ್ಬೇಕಂತೆ." ಪೆಟ್ಟಿಗೆಯನ್ನು ಇವನ ಮಂಚದ ಮೇಲಿಟ್ಟು ಉಸ್ಸಪ್ಪಾ ಎಂದು ಕೂತರು. "ಅಲ್ಲಿ ಒಬ್ಬಳೇ ಕೂತು ಯಾಕೆ ಕಾಯ್ಲಿ? ಇಲ್ಲೇ ಕಾಯೋಣ ಅಂತ ಬಂದೆ."