ಅಜ್ಜನಿಗೆ ಉಳಿದ ಹದಿನೆಂಟು ಪುಟ

ಮಾಯಾ ಗ್ರಂಥಾಲಯಗಳ ವಿಷಯದಲ್ಲಿ ಬಿಜೂರಿನಿಂದ ಪಕ್ಕದ ಉಪ್ಪುಂದದವರೆಗೆ ನನ್ನಷ್ಟು ತಿಳಿದವರು ಯಾರೂ ಇಲ್ಲ ಎಂದು ಹೋದ ವರ್ಷದವರೆಗೂ ನಾನು ನಂಬಿದ್ದೆ. ಆಗ ನನಗೆ ಹದಿನೈದು ದಾಟಿತ್ತು. ಹತ್ತನೆಯ ತರಗತಿಯ ಪರೀಕ್ಷೆ ಮುಗಿದಿತ್ತು. ಗೆಳತಿಯೊಬ್ಬಳು ಕೊಟ್ಟ ಆರುನೂರು ಪುಟದ ಕಾದಂಬರಿಯನ್ನು ಎರಡು ಸಲ ಓದಿ ಮೂರನೆಯ ಸಲಕ್ಕೆ ಕೈ ಹಾಕಿದ್ದೆ. ಕಾದಂಬರಿಯ ಹೆಸರು ಹೇಳುವುದಿಲ್ಲ. ಮುಂದೆ ನಡೆದದ್ದರಲ್ಲಿ ಅದನ್ನು ಬರೆದವರ ತಪ್ಪು ಏನೂ ಇಲ್ಲ!

ಆ ಕಾದಂಬರಿಯಲ್ಲಿ ಒಂದು ಗ್ರಂಥಾಲಯ ಇದೆ. ಅಲ್ಲಿ ಮೆಟ್ಟಿಲುಗಳು ತಾವಾಗಿ ನಡೆಯುತ್ತವೆ. ಓದುಗ ಬಂದರೆ ದೀಪಗಳು ಎದ್ದು ನಿಲ್ಲುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿ ಒಂದು ಕಾನೂನು ಇದೆ. ಓದುಗ ಸತ್ತರೂ ಅವನು ಅರ್ಧಕ್ಕೆ ಬಿಟ್ಟ ಪುಸ್ತಕ ಅವನಿಗಾಗಿ ಕಾಯುತ್ತದೆ. ಬಿಟ್ಟ ಪುಟವನ್ನು ತೆರೆದಿಟ್ಟು, ಅವನು ಕೂರುವ ಜಾಗವನ್ನು ಸಿದ್ಧಪಡಿಸಿದರೆ, ಬಂದು ಓದಿ ಮುಗಿಸಿ ಹೋಗುತ್ತಾನೆ. ಈ ಕಾನೂನನ್ನು ಓದಿದಾಗ ನನ್ನ ಮೈ ಜುಮ್ಮೆಂದಿತ್ತು.

ನಮ್ಮೂರಿನ ಗ್ರಂಥಾಲಯವೂ ಕಡಿಮೆಯದಲ್ಲ. ಎರಡು ಕಬ್ಬಿಣದ ಕಪಾಟು, ಒಂದು ಬೆಂಚು, ಒಂದು ಫ್ಯಾನು, ಮನಸ್ಸು ಬಂದಾಗ ಹತ್ತುವ ಒಂದು ಟ್ಯೂಬ್‌ಲೈಟು. ನೋಡಿಕೊಳ್ಳಲು ಜಲಜಕ್ಕ. ಅಲ್ಲಿನ ಪುಸ್ತಕಗಳು ಹಾರುವುದಿಲ್ಲ. ಕಪಾಟಿನ ಬಾಗಿಲು ಎಳೆದರೆ ಬೀಳುತ್ತವೆ. ನನ್ನ ಅಜ್ಜ ದಿನಾ ಬೆಳಿಗ್ಗೆ ಗಂಜಿ ಉಂಡು ಅಲ್ಲಿಗೆ ಹೋಗುತ್ತಿದ್ದರು. ಕಣ್ಣು ಕಾಣದ ಅಜ್ಜ ಗ್ರಂಥಾಲಯಕ್ಕೆ ಏಕೆ ಹೋಗುತ್ತಾರೆ ಎಂದು ನಾನು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಫ್ಯಾನಿನ ಗಾಳಿಗೆ ಇರಬೇಕು ಅಂದುಕೊಂಡಿದ್ದೆ.

ಅಜ್ಜನ ಕಣ್ಣಿನ ವಿಚಾರ ಸ್ವಲ್ಪ ಹೇಳಬೇಕು. ಸಣ್ಣ ಅಕ್ಷರ ಕಾಣುವುದಿಲ್ಲ ಎಂದು ಅವರು ಪರೀಕ್ಷೆಯ ಸಮಯದಿಂದ ಹೇಳತೊಡಗಿದ್ದರು. ಆದರೆ ಬಂಗುಡೆ ಮೀನಿನ ಕೂದಲಿನಂಥ ಮುಳ್ಳು ಕಾಣುತ್ತಿತ್ತು. ಗದ್ದೆಯ ಆಚೆ ಬದಿಯಲ್ಲಿ ಬಿದ್ದ ತೆಂಗಿನಕಾಯಿ ಕಾಣುತ್ತಿತ್ತು. ನಾನು ಇದನ್ನು ಒಂದು ವೈದ್ಯಕೀಯ ವಿಸ್ಮಯವೆಂದು ಭಾವಿಸಿದ್ದೆ!

ಪರೀಕ್ಷೆ ಮುಗಿದ ದಿನವೇ ಅಜ್ಜ ಗ್ರಂಥಾಲಯದಿಂದ ರಟ್ಟು ಹರಿದ ಒಂದು ಹಳೆಯ ಕಾದಂಬರಿ ತಂದರು. ದೋಣಿಯಲ್ಲಿ ಹೋಗಿ ಕಾಣೆಯಾದ ತಮ್ಮನಿಗಾಗಿ ಅಣ್ಣನೊಬ್ಬ ದಿನಾ ಸಂಜೆ, ನದಿ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ದೀಪ ಹಚ್ಚಿ ಕಾಯುವ ಕತೆ.

"ನಾಕ್ ಪುಟ ಓದ್ ಮಗಾ. ನಂಗ್ ಅಕ್ಷರ ಕಾಂತಿಲ್ಲ."

ನಾನು ಓದುತ್ತಿದ್ದೆ. ಅಜ್ಜ ಚಾವಡಿಯಲ್ಲಿ ಮಣೆ ಹಾಕಿ ಕೂತು, ಟೇಬಲ್ ಫ್ಯಾನನ್ನು ನೆಲದ ಮೇಲೆ ಇಟ್ಟು, ಅದರ ಬುಡವನ್ನು ಒಂದು ಕಾಲಿನಿಂದ ಒತ್ತಿ ಹಿಡಿಯುತ್ತಿದ್ದರು. ಆ ಫ್ಯಾನಿಗೆ ಅಡಿಯ ರಬ್ಬರು ಇರಲಿಲ್ಲ. ಹಿಡಿಯದಿದ್ದರೆ ತಿರುಗುತ್ತ ತಿರುಗುತ್ತ ಇಂಚಿಂಚೇ ಮುಂದೆ ನಡೆಯುತ್ತಿತ್ತು. ದಿನಕ್ಕೆ ನಾಲ್ಕು ಪುಟ, ಕೆಲವೊಮ್ಮೆ ಹತ್ತು. ಕೊನೆಗೆ ಹದಿನೆಂಟು ಪುಟ ಉಳಿಯಿತು. ಅಷ್ಟರಲ್ಲಿ ಗೆಳತಿಯ ಮಾಯಾ ಗ್ರಂಥಾಲಯ ನನ್ನ ಕೈಗೆ ಬಂತು.

ಆಮೇಲೆ ಅಜ್ಜ ಕರೆದಾಗಲೆಲ್ಲ ನನ್ನದು ಒಂದೇ ಉತ್ತರ. "ನಾಳಿಗ್ ಓದ್ತೆ ಅಜ್ಜ."

"ಆಯ್ತ್, ನಾಳಿಗೇ ಓದ್. ಕತಿ ಎಲ್ಲಿಗೂ ಓಡಿ ಹೋತಿಲ್ಲ."

ಕತೆ ಓಡಿಹೋಗಲಿಲ್ಲ. ಒಂದು ಬೆಳಿಗ್ಗೆ ಗಂಜಿ ಉಂಡು, ಗ್ರಂಥಾಲಯಕ್ಕೆ ಹೊರಡಲು ಅಂಗಿ ತೊಟ್ಟುಕೊಂಡು, ಚಪ್ಪಲಿ ಹಾಕುವ ಮೊದಲು ಚೂರು ಕೂರುತ್ತೇನೆ ಎಂದು ಕೂತ ಅಜ್ಜ ಮತ್ತೆ ಏಳಲಿಲ್ಲ. ಹಿಂದಿನ ಸಂಜೆಯೂ ನಾನು ನಾಳೆ ಎಂದಿದ್ದೆ. ನಾನು ತೆಂಗಿನ ಗರಿಯ ಕಡ್ಡಿ ಇಟ್ಟು ಗುರುತು ಮಾಡಿದ್ದ ಪುಸ್ತಕ ಅವರ ಮಣೆಯ ಪಕ್ಕದಲ್ಲೇ ಇತ್ತು. ನನಗೆ ಅಳು ಬರಲಿಲ್ಲ.

ಉತ್ತರಕ್ರಿಯೆಗೆ ಎರಡು ದಿನ ಇರುವಾಗ ಅಮ್ಮ ಹೇಳಿದಳು. "ಹೆಣೆ, ಲೈಬ್ರರಿ ಪುಸ್ತಕ ಕೊಟ್ ಬಾ. ಹೋದರ್ ಹೆಸ್ರಲ್ ಇಟ್ಕಂಬ್ಕಾಗ." ಹೋದವರ ಹೆಸರಿನಲ್ಲಿ ಬಾಕಿ ಇಟ್ಟುಕೊಳ್ಳಬಾರದಂತೆ.

"ಕೊಡ್ತೆ ಅಮ್ಮ, ನಾಳಿಗೆ" ಎಂದೆ. ಆ ಮಾತು ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಉತ್ತರಕ್ರಿಯೆಯ ಮರುದಿನ ನಮ್ಮಲ್ಲಿ ಹೋದವರಿಗೆ ಬಡಿಸುವ ಕ್ರಮ ಇದೆ. ಚಾವಡಿಯಲ್ಲಿ ಮಣೆ ಹಾಕಿ, ದೀಪ ಹಚ್ಚಿ, ಬಾಳೆಎಲೆಯಲ್ಲಿ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಬೇಕು. ಆಮೇಲೆ ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಅಂಗಳಕ್ಕೆ ಇಳಿಯಬೇಕು. ಹೋದವರು ಬಂದು ಉಂಡು ಹೋಗುವಷ್ಟು ಹೊತ್ತು ಕಾದು ಬಾಗಿಲು ತೆಗೆಯಬೇಕು. ಅಮ್ಮ ಅನ್ನ, ಬಂಗುಡೆ ಸಾರು, ಕೋಳಿ ಸುಕ್ಕ, ನೀರುದೋಸೆ ಎಲ್ಲ ಬಡಿಸಿ, ಎಲೆಯ ತುದಿಗೆ ಒಂದು ಕಟ್ಟು ಬೀಡಿ ಮತ್ತು ಬೆಂಕಿಪೊಟ್ಟಣ ಇಟ್ಟಳು.

"ಬೀಡಿ ಎಂತಕ್ಕೆ ಅಮ್ಮ?"

"ಅವ್ರಿಗ್ ಇಷ್ಟ ಅಲ್ದಾ? ಬಂದ್ ಸೇದಿ ಹೋತ್ರ್."

ನನ್ನ ತಲೆಯಲ್ಲಿ ದೀಪ ಹತ್ತಿದ್ದು ಆಗಲೇ! ಬೀಡಿ ಇಟ್ಟರೆ ಸೇದಲು ಬರುವ ಅಜ್ಜ, ಪುಸ್ತಕ ಇಟ್ಟರೆ ಓದಲು ಬರಬಾರದೇ? ಆರುನೂರು ಪುಟದ ಕಾದಂಬರಿ ಹೇಳುವುದೂ ಅದನ್ನೇ, ನಮ್ಮ ಮನೆಯ ಕ್ರಮ ಹೇಳುವುದೂ ಅದನ್ನೇ. ಎರಡು ಬೇರೆ ಬೇರೆ ಪ್ರಾಧಿಕಾರಗಳು ಒಂದೇ ಮಾತನ್ನು ಹೇಳುವಾಗ ಹದಿನೈದು ವರ್ಷದ ಹುಡುಗಿ ಅನುಮಾನಿಸುವುದು ಸರಿಯೇ?

ಎಲ್ಲರೂ ಅಂಗಳಕ್ಕೆ ಇಳಿಯುವಾಗ, ದೀಪದ ಬತ್ತಿ ಸರಿ ಮಾಡಿ ಬರುತ್ತೇನೆ ಎಂದು ನಾನು ಹಿಂದೆ ಉಳಿದೆ. ಕಡ್ಡಿ ಇಟ್ಟ ಪುಟವನ್ನು ತೆರೆದು ಎಲೆಯ ಪಕ್ಕ ಇಟ್ಟೆ. ಅಜ್ಜನ ಕನ್ನಡಕವನ್ನು ಚೂಡಿದಾರದ ಶಾಲಿನಿಂದ ಒರೆಸಿ ಇಟ್ಟೆ. ಅಜ್ಜನಿಗೆ ಸೆಕೆ ಆಗಬಾರದು. ಮೂಲೆಯಲ್ಲಿದ್ದ ಟೇಬಲ್ ಫ್ಯಾನನ್ನು ತಂದು, ಗಾಳಿ ದೀಪಕ್ಕೆ ತಾಗದಂತೆ ಮಣೆಯ ಕಡೆಗೆ ಮುಖ ಮಾಡಿ ಇಟ್ಟೆ. ಕರೆಂಟ್ ಇರಲಿಲ್ಲ. ಆದರೂ ಸ್ವಿಚ್ ಹಾಕಿದೆ. ಕರೆಂಟ್ ಬಂದರೆ ಅಜ್ಜನಿಗೆ ಆಗಲಿ! ಬಾಗಿಲು ಎಳೆದುಕೊಂಡು ಹೊರಗೆ ಬಂದೆ.

ಅಂಗಳದಲ್ಲಿ ಅಪ್ಪ, ಅಮ್ಮ ಮತ್ತು ಮುಂಬೈಯಿಂದ ಬಂದ ರತ್ನತ್ತೆ, ಅಂದರೆ ಅಪ್ಪನ ಅಕ್ಕ, ಕಾಯುತ್ತ ನಿಂತಿದ್ದರು. ಅಪ್ಪ ಹದಿನಾಲ್ಕು ದಿನದಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಬಂದವರಿಗೆ ಕುರ್ಚಿ ಕೊಡುವುದು, ಶಾಮಿಯಾನದವರಿಗೆ ಫೋನ್ ಮಾಡುವುದು, ಇದೇ ಕೆಲಸ. ಅಂಗಳದಲ್ಲೂ ಅವರು ಒಣಗಲು ಹಾಕಿದ್ದ ಕೊಬ್ಬರಿಯನ್ನು ಕಾಲಿನಿಂದ ಸರಿಮಾಡುತ್ತಿದ್ದರು.

ಆಗ ಒಳಗಿನಿಂದ ಒಂದು ಸದ್ದು ಬಂತು. ಖರ್ರ್... ಖರ್ರ್...

ರತ್ನತ್ತೆ ಎದೆಗೆ ಕೈ ಇಟ್ಟುಕೊಂಡರು. "ಅರೇ ದೇವಾ! ಕೇಂತಾ? ಅಪ್ಪಯ್ಯ ಗಂಟ್ಲ್ ಸರಿ ಮಾಡ್ಕಂತಿದ್ರ್!"

ಅದರ ಬೆನ್ನಿಗೆ ಪರ್ ಪರ್ ಎಂದು ಪುಟ ಮಗುಚುವ ಸದ್ದು. ಒಂದು ಪುಟ. ಇನ್ನೊಂದು ಪುಟ. ನಾನು ಹಾಕಿ ಬಂದ ಸ್ವಿಚ್ಚು ನನಗೇ ಮರೆತುಹೋಗಿತ್ತು. ಅಜ್ಜ ಬಂದಿದ್ದಾರೆ, ಓದುತ್ತಿದ್ದಾರೆ, ನಾನು ಬಿಟ್ಟದ್ದನ್ನು ಅವರೇ ಮುಗಿಸುತ್ತಿದ್ದಾರೆ! ಇಷ್ಟು ದಿನ ಬರದ ಅಳು ಒಮ್ಮೆಲೇ ಬಂತು.

ಅಪ್ಪನ ಕಾಲು ಕೊಬ್ಬರಿಯ ಮೇಲೆಯೇ ನಿಂತಿತು. "ಪುಸ್ತಕ... ಅಪ್ಪಯ್ಯ ಪುಸ್ತಕ ಓದ್ತಿದ್ರ್" ಎಂದು ಹೇಳಿದವರು ಅಲ್ಲಿಯೇ ಕುಕ್ಕರುಗಾಲಿನಲ್ಲಿ ಕೂತು, ಮುಖ ಮುಚ್ಚಿಕೊಂಡು, ಸಣ್ಣ ಮಗುವಿನ ಹಾಗೆ ಅತ್ತರು. ಅಪ್ಪ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಹೋಗಿ ಅವರ ಬೆನ್ನಿಗೆ ಕೈ ಇಟ್ಟೆ. ಅವರು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. ಕತೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚಂದ ಇರುತ್ತಿತ್ತು!

ಆದರೆ ಕರೆಂಟ್ ಬಂದಿತ್ತು, ಫ್ಯಾನಿನ ಬುಡವನ್ನು ಒತ್ತಿ ಹಿಡಿಯುವ ಕಾಲು ಒಳಗೆ ಇರಲಿಲ್ಲ.

ಢಂ!

"ಬಾಗ್ಲ್ ತೆಗೀರಿ!" ಎಂದಳು ಅಮ್ಮ.

"ಥಾಂಬಾ! ಈಗ್ಳೇ ತೆಗುಕಾಗ! ಅವ್ರ್ ಉಂಡ್ ಆಯ್ಲಿಲ್ಲ!" ಎಂದು ಮರಾಠಿ ಬೆರೆಸಿ ತಡೆಯುತ್ತ ರತ್ನತ್ತೆ ಬಾಗಿಲಿಗೆ ಅಡ್ಡ ನಿಂತರು. ಅಮ್ಮ ಅವರನ್ನು ಸರಿಸಿ ಬಾಗಿಲು ದೂಡಿದಳು.

ಒಳಗಿನ ದೃಶ್ಯವನ್ನು ಯಥಾವತ್ತಾಗಿ ನಿವೇದಿಸುತ್ತೇನೆ. ಫ್ಯಾನು ನಡೆದುಕೊಂಡು ಹೋಗಿ ಬಾಳೆಎಲೆಯ ಮೇಲೆ ಬೋರಲು ಬಿದ್ದಿತ್ತು. ಬಿದ್ದಲ್ಲಿಯೇ ತಿರುಗುತ್ತಿತ್ತು. ತಿರುಗುತ್ತ ಬಂಗುಡೆ ಸಾರನ್ನು ನಾಲ್ಕು ದಿಕ್ಕಿಗೂ ಸಮಾನವಾಗಿ ಹಂಚುತ್ತಿತ್ತು. ಗೋಡೆಯಲ್ಲಿ ಸಾರು, ಬೀಡಿಯಲ್ಲಿ ಸಾರು, ಪುಸ್ತಕದಲ್ಲಿ ಸಾರು. ಹಾರ ಹಾಕಿದ ಫೋಟೋದಲ್ಲಿ ಅಜ್ಜನ ಮೀಸೆಯಿಂದ ಸಾರು ತೊಟ್ಟಿಕ್ಕುತ್ತಿತ್ತು. ದೀಪ ಮಾತ್ರ ನೆಟ್ಟಗೆ ಉರಿಯುತ್ತಿತ್ತು!

ಅಮ್ಮ ಫೋಟೋ ನೋಡಿದಳು, ನನ್ನನ್ನು ನೋಡಿದಳು. "ಉಂಡದ್ದಂತೂ ಹೌದ್" ಎಂದಳು.

ರತ್ನತ್ತೆ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಅರ್ಧ ಮರಾಠಿಯಲ್ಲಿ ಇದ್ದುದರಿಂದ ನನಗೆ ಪೂರ್ತಿ ಅರ್ಥವೂ ಆಗಲಿಲ್ಲ. ಅಪ್ಪ ಮಾತ್ರ ಬೈಯಲಿಲ್ಲ. ಪ್ಲಗ್ ಕಿತ್ತು, ಫೋಟೋ ಇಳಿಸಿ, ಹೆಗಲ ಮೇಲಿನ ಬೈರಾಸಿನಿಂದ ಅಜ್ಜನ ಮುಖ ಒರೆಸುತ್ತ ಕೇಳಿದರು. "ಎಂತಕ್ ಹೀಂಗ್ ಮಾಡ್ದೆ ಮಗಾ?"

"ಹದಿನೆಂಟ್ ಪುಟ ಬಾಕಿ ಇದ್ದಿತ್ ಅಪ್ಪಯ್ಯ. ನಾಳಿಗ್ ಓದ್ತೆ ಅಂದಿದ್ದೆ."

ಅಪ್ಪ ಅಜ್ಜನ ಮೀಸೆಯನ್ನು ಇನ್ನೊಮ್ಮೆ ಒರೆಸಿದರು. ಆಮೇಲೆ ಹೇಳಿದರು. "ನಾನೂ ಅಂದಿದ್ದೆ, ನಾಳಿಗ್ ಕುಂದಾಪ್ರಕ್ ಕರ್ಕಂಡ್ ಹೋತೆ, ಕಣ್ಣ್ ತೋರ್ಸುವ ಅಂದೇಳಿ."

ಇಷ್ಟಾದ ಮೇಲೆ ಸುಮ್ಮನೆ ಇರಬೇಕಿತ್ತು. ಆದರೆ ಪುಸ್ತಕವನ್ನು ಉಳಿಸುವ ಹೊಣೆ ನನ್ನ ಮೇಲಿತ್ತಲ್ಲ! ಮೊದಲು ಒದ್ದೆ ಬಟ್ಟೆಯಿಂದ ಒರೆಸಿದೆ. ಸಾರು ಹೋಗುವ ಬದಲು ಎಲ್ಲಾ ಕಡೆ ಹರಡಿತು. ಅಂಗಳದಲ್ಲಿ ಒಣಗಿಸಿದೆ. ಕಾಗೆಗಳು ಬಂದು ಎರಡನೆಯ ಅಧ್ಯಾಯವನ್ನು ಕುಕ್ಕಿದವು. ಮೀನಿನ ವಾಸನೆಗೆ ಪೌಡರ್ ಹಾಕಿದೆ. ಈಗ ಪೌಡರ್ ಹಚ್ಚಿಕೊಂಡ ಬಂಗುಡೆಯ ವಾಸನೆ ಬಂತು. ಕೊನೆಯ ಅಸ್ತ್ರವಾಗಿ, ಸುಕ್ಕುಗಟ್ಟಿದ ಕೊನೆಯ ಪುಟಗಳಿಗೆ ಇಸ್ತ್ರಿ ಹಾಕಿದೆ. ತೆಂಗಿನಕಾಯಿ ಅರೆದು ಹಾಕಿದ ಸಾರು ಬಿಸಿಗೆ ಎಂಥ ಅಂಟು ಆಗುತ್ತದೆ ಎಂಬುದು ನನಗೆ ಗೊತ್ತಾದದ್ದು ಆವತ್ತೇ. ಹದಿನೆಂಟು ಪುಟ ಒಂದೇ ಪುಟವಾಯಿತು! ಚೂರಿ ಹಾಕಿದರೂ ಬಿಡಿಸಲು ಬರಲಿಲ್ಲ.

ಅದನ್ನು ಕಾಗದದಲ್ಲಿ ಸುತ್ತಿಕೊಂಡು ಗ್ರಂಥಾಲಯಕ್ಕೆ ಹೋದೆ. ಜಲಜಕ್ಕ ಬಿಡಿಸಿ ನೋಡಿದರು.

"ಎಂತದಾ ಹೆಣೆ ಇದ್? ಪುಸ್ತಕವಾ, ಹಪ್ಳವಾ?"

ನಾನು ಎಲ್ಲ ಹೇಳಿದೆ. ಮಾಯಾ ಗ್ರಂಥಾಲಯ, ಮಣೆ, ಫ್ಯಾನು, ಇಸ್ತ್ರಿ, ಏನನ್ನೂ ಬಿಡಲಿಲ್ಲ. ಜಲಜಕ್ಕನಿಗೆ ಮೊದಲು ನಗು ಬಂತು. ಆಮೇಲೆ ಅವರು ಕಣ್ಣು ಒರೆಸಿಕೊಂಡು, ಪುಸ್ತಕದ ಹಿಂಬದಿಯಲ್ಲಿ ಅಂಟಿಸಿದ್ದ ಚೀಟಿ ತೋರಿಸಿದರು. ಅದರಲ್ಲಿ ಪುಸ್ತಕ ಕೊಂಡುಹೋದವರ ಸದಸ್ಯ ನಂಬರು ಬರೆದಿರುತ್ತಾರೆ.

"ಕಾಣ್. ಎಲ್ಲ ನಿನ್ನ್ ಅಜ್ಜಂದೇ ನಂಬ್ರ. ಏಳ್ ಸಲ ಕೊಂಡೋಯಿರ್. ಕಡಿಗ್ ಎಂತ ಆತ್ತ್ ಅಂದೇಳಿ ನಂಗ್ ಹೇಳೂಕೂ ಬಂದಿರ್. ನಾನೇ ಓದ್ತೆ, ಹೇಳ್ಬೇಡಿ ಮಾರಾಯ್ರೆ ಅಂದೆ. ಕಡಿಗೂ ನಾ ಓದ್ಲಿಲ್ಲ."

"ಆರೆ ಅಜ್ಜನಿಗ್ ಕಣ್ಣ್ ಕಾಂತಿರ್ಲಿಲ್ಲ ಅಲ್ದಾ?"

"ಯಾರ್ ಹೇಳ್ದ್ರ್? ದಿನಾ ಈ ಬೆಂಚಲ್ ಕೂತ್ಕಂಡ್ ಪೇಪರ್ ಪೂರ್ತಿ ಓದ್ತಿದ್ರ್. ಶ್ರದ್ಧಾಂಜಲಿಯ ಸಣ್ಣ ಅಕ್ಷರನೂ ಬಿಡ್ತಿರ್ಲಿಲ್ಲ."

ನಾನು ಬೆಂಚನ್ನು ನೋಡಿದೆ. ಒಂದು ಬದಿಯ ಬಣ್ಣ ಕೂತು ಕೂತು ಹೋಗಿತ್ತು.

"ಈ ಸಲ ಕೊಂಡೋಪತಿಗೆ ನಾ ಕೇಂಡೆ, ಮತ್ತ್ ಅದೇ ಪುಸ್ತಕ ಎಂತಕ್ ಅಂದೇಳಿ. ಮೊಮ್ಮಗ್ಳ್ ಪರೀಕ್ಷಿ ಮುಗೀತ್, ಅವ್ಳ್ ಹತ್ರ ಓದ್ಸ್ತೆ ಅಂದ್ರ್. ಕಾಲೇಜಿಗ್ ಹೋರೆ ಮತ್ತ್ ಅವ್ಳ್ ಹತ್ರ ಕೂತ್ಕಂಬ್ಕೆ ಸಿಕ್ಕುದಿಲ್ಲ ಅಂದ್ರ್."

ಜಲಜಕ್ಕ ಪುಸ್ತಕವನ್ನು ವಾಪಸು ತೆಗೆದುಕೊಳ್ಳಲಿಲ್ಲ. ನೀನೇ ಇಟ್ಟುಕೋ ಎಂದರು. ಅದು ಈಗಲೂ ನನ್ನ ಹತ್ತಿರ ಇದೆ. ಮಳೆಗಾಲದಲ್ಲಿ ಸ್ವಲ್ಪ ಮೀನಿನ ವಾಸನೆ ಬರುತ್ತದೆ. ಗೆಳತಿಯ ಕಾದಂಬರಿಯನ್ನು ಮೂರನೆಯ ಸಲ ಮುಗಿಸದೆ ಅವಳಿಗೆ ಕೊಟ್ಟುಬಿಟ್ಟೆ. ಆ ಕಾದಂಬರಿ ಚೆನ್ನಾಗಿಯೇ ಇದೆ, ಯಾರು ಬೇಕಾದರೂ ಓದಬಹುದು. ಮನೆಯಲ್ಲಿ ಯಾರಾದರೂ ಕರೆದರೆ ಮಾತ್ರ ಪುಟಕ್ಕೆ ಕಡ್ಡಿ ಇಟ್ಟು ಏಳಿ.

ಅಳಿವೆಯ ಬಾಯಲ್ಲಿ ದೀಪ ಹಚ್ಚಿ ಕಾದ ಅಣ್ಣನ ಹತ್ತಿರ ತಮ್ಮ ವಾಪಸು ಬಂದನೋ ಇಲ್ಲವೋ, ನನಗೆ ಗೊತ್ತಿಲ್ಲ. ಅಜ್ಜನಿಗೆ ಗೊತ್ತಿತ್ತು. ಅವರು ಕತೆ ಮುಗಿಸಲಿ ಎಂದು ನಾನು ಮಣೆಯ ಪಕ್ಕ ಪುಸ್ತಕ ತೆರೆದಿಟ್ಟೆ, ಕನ್ನಡಕ ಒರೆಸಿಟ್ಟೆ, ಫ್ಯಾನು ಹಾಕಿಟ್ಟೆ. ಅವರು ಅದನ್ನು ಯಾವಾಗಲೋ ಮುಗಿಸಿದ್ದರು. ಅರ್ಧಕ್ಕೆ ಬಿಟ್ಟವಳು ನಾನು. ಉಳಿದ ಹದಿನೆಂಟು ಪುಟಕ್ಕೆ ಇಸ್ತ್ರಿ ಹಾಕಿದವಳೂ ನಾನೇ!