ಗ್ಯಾಜೆಟೆಡ್ ಗ್ಯಾಸ್ಕೆಟ್

ಅಫಜಲಪುರದ ಕಾಲುವೆ ಸೋರಿಕೆ ನಿಯಂತ್ರಣ ಉಪವಿಭಾಗದ ಸರ್ಕಾರಿ ಜೀಪು ಸೋರುತ್ತಿತ್ತು ಎಂಬುದನ್ನು ಮೊದಲಿಗೇ ದಾಖಲಿಸುವುದು ಉಚಿತ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಉಪವಿಭಾಗದ ಕೆಲಸ ಕಾಲುವೆಯ ಸೋರಿಕೆಯನ್ನು ನಿಯಂತ್ರಿಸುವುದು. ಇಂಜಿನ್ನಿನ ಸೋರಿಕೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಕಾಲುವೆಯೂ ಸೋರುತ್ತಿತ್ತು, ಅದು ಬೇರೆ ಮಾತು.

ಜೀಪು ನಿಂತಲ್ಲೆಲ್ಲ ಕಪ್ಪು ಎಣ್ಣೆಯ ಗುರುತು ಬೀಳುತ್ತಿತ್ತು. ಹೀಗಾಗಿ ಪ್ರಹ್ಲಾದ ಸಾಹೇಬರು ಯಾವ ಊರಿಗೆ ಹೋಗಿದ್ದರು, ಯಾರ ಮನೆಯ ಮುಂದೆ ಊಟದ ಹೊತ್ತಿನವರೆಗೆ ನಿಂತಿದ್ದರು ಎಂಬುದು ಇಡೀ ತಾಲ್ಲೂಕಿಗೆ ಯಾವ ಅರ್ಜಿಯೂ ಇಲ್ಲದೆ ತಿಳಿಯುತ್ತಿತ್ತು. ಪಾರದರ್ಶಕ ಆಡಳಿತಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಆದರೂ ಉಪವಿಭಾಗದ ಮುಖ್ಯಸ್ಥರಾದ ಸಾಹೇಬರಿಗೆ ಅದು ಅಷ್ಟಾಗಿ ಹಿಡಿಸಿರಲಿಲ್ಲ.

ಅಷ್ಟರಲ್ಲಿ ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು. ಹಿರಿಯ ಅಧಿಕಾರಿಗಳು ಖುದ್ದಾಗಿ ವಾಹನ ತಪಾಸಣೆಗೆ ಬರುತ್ತಾರೆ. ಸೋರುವ ವಾಹನ ಗುಜರಿಗೆ ಹೋಗುತ್ತದೆ. ಗುಜರಿಗೆ ಹೋದ ವಾಹನದ ಚಾಲಕನನ್ನು ‘ಹೆಚ್ಚುವರಿ’ ಎಂದು ಪರಿಗಣಿಸಿ ಚಾಮರಾಜನಗರದ ಕಡೆ ಖಾಲಿ ಇರುವ ಹುದ್ದೆಗೆ ಕಳಿಸಲಾಗುತ್ತದೆ. ಅಲ್ಲಿ ಜೀಪು ಇದೆಯೇ ಎಂಬ ಬಗ್ಗೆ ಸುತ್ತೋಲೆಯಲ್ಲಿ ಏನೂ ಇರಲಿಲ್ಲ.

ಇದನ್ನು ಓದಿದ ಚಾಲಕ ಜಗದೇವ ನೇರ ಮನೆಗೆ ಓಡಿದ. ಅವನಿಗೆ ಊರು ಬಿಡುವುದೆಂದರೆ ಹೆಂಡತಿಯನ್ನೂ ಬಿಡುವುದೆಂದೇ ಅರ್ಥ. ಸುಮಂಗಲಾ ಬಸ್‌ ನಿಲ್ದಾಣದ ಹಿಂದಿನ ಬಾಡಿಗೆ ಮನೆಯಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡಿದ್ದಳು. ಕರಜಗಿಯಿಂದ ಹೆಣ್ಣುಮಕ್ಕಳು ಬಸ್ಸು ಹತ್ತಿ ಬಂದು ಅವಳ ಕಡೆ ಕುಪ್ಪಸ ಹೊಲಿಸುತ್ತಿದ್ದರು. ಮಳೆ ಬಂದರೆ ಮನೆಯ ಸ್ಲ್ಯಾಬು ಸೋರಿ, ಮಿಷನ್ನನ್ನು ಈ ಮೂಲೆಯಿಂದ ಆ ಮೂಲೆಗೆ ಎಳೆಯಬೇಕಾಗುತ್ತಿತ್ತು, ಅಷ್ಟೇ ಕಷ್ಟ. ಸುತ್ತೋಲೆಯ ವಿಷಯ ಕೇಳಿ ಅವಳು ದಾರ ಪೋಣಿಸುವುದನ್ನು ನಿಲ್ಲಿಸಲೂ ಇಲ್ಲ.

“ನೀವು ಹೋಗ್ರಿ. ನನ್ನ ಮಿಷನ್ ಇಲ್ಲೇ ಇರ್ತದ, ನಾನೂ ಇಲ್ಲೇ ಇರ್ತೇನಿ,” ಎಂದಳು.

ಜಗದೇವ ಅವತ್ತೇ ಜೀಪನ್ನು ಗಾಣಗಾಪುರ ರಸ್ತೆಯ ಮೆಹರಾಜಬೇಗಂಳ ಗ್ಯಾರೇಜಿಗೆ ಒಯ್ದ. ಗಂಡ ಸೌದಿಗೆ ಹೋದ ಮೇಲೆ ಗ್ಯಾರೇಜು ನಡೆಸುತ್ತಿದ್ದ ಆಕೆ ಬಾಯಿ ಜೋರಿನವಳು, ಬಿಲ್ಲಿನಲ್ಲಿ ಇನ್ನೂ ಜೋರು. ಜೀಪಿನ ಕೆಳಗೆ ತೂರಿ, ಎಣ್ಣೆ ಮೋರೆಯಲ್ಲಿ ಹೊರಬಂದಳು. ಇಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತಗಡಿನ ಚೇಂಬರಿಗೂ ಇಂಜಿನ್ನಿಗೂ ನಡುವೆ ಬೆಂಡಿನ ಪಟ್ಟಿಯೊಂದು ಇರುತ್ತದೆ, ಅದೇ ಗ್ಯಾಸ್ಕೆಟ್. ಅದು ಹರಿದಿತ್ತು.

“ಬರೇ ಹೊಸಾ ಗ್ಯಾಸ್ಕೆಟ್ ಹಾಕಿದ್ರ ನಿಂದ್ರಂಗಿಲ್ಲ ಜಗದೇವಣ್ಣ,” ಎಂದಳು. “ಚೇಂಬರಿನ ತಗಡು ಜರಾ ಸೊಟ್ಟ ಆಗ್ಯಾದ. ಗ್ಯಾಸ್ಕೆಟ್ ಜೋಡಿ ಸಿಲಿಕಾನ್ ಸೀಲೆಂಟೂ ಹಚ್ಚಬೇಕು. ಅದೂ ತೆಳ್ಳಗ. ಮೆತ್ತಿದ್ರ ಅದೇ ಒಳಗ ಬಿದ್ದು ಎಣ್ಣೀ ದಾರಿ ಕಟ್ತದ.”

ಸೀಲೆಂಟ್ ಎಂದರೆ ಹಲ್ಲುಜ್ಜುವ ಪೇಸ್ಟಿನ ಹಾಗೆ ಕೊಳವೆಯಲ್ಲಿ ಬರುವ ಒಂದು ಅಂಟು. ಇದನ್ನು ಜಗದೇವ ಕಚೇರಿಗೆ ಬಂದು ಗುಮಾಸ್ತ ಶಂಕರಲಿಂಗನಿಗೆ ಸಾವಧಾನವಾಗಿ ವಿವರಿಸಿದ. ಶಂಕರಲಿಂಗ ದಕ್ಷ ನೌಕರ. ಮೊಬೈಲಿಗೆ ಹೇಳಿದರೆ ಅದೇ ಬರೆದುಕೊಳ್ಳುತ್ತದೆ ಎಂದು ಗೊತ್ತಾದ ದಿನದಿಂದ ಅವನು ಕೀಲಿಮಣೆಗೆ ಬೆರಳು ತಾಗಿಸಿರಲಿಲ್ಲ. ತಲೆಯ ಮೇಲೆ ಫ್ಯಾನು ಗರಗರ ಅನ್ನುತ್ತಿತ್ತು, ಬಾಯಲ್ಲಿ ಅಡಿಕೆ ಇತ್ತು. ಅವನು ಹೇಳಿದ್ದು, ಗ್ಯಾಸ್ಕೆಟ್ಟಿಗೆ ಸೀಲೆಂಟ್ ಅಗತ್ಯವಿದೆ ಎಂದು. ಮೊಬೈಲು ಬರೆದುಕೊಂಡಿದ್ದು, ಗ್ಯಾಸ್ಕೆಟ್ಟಿಗೆ ಗ್ಯಾಜೆಟೆಡ್ ಸೀಲ್ ಅಗತ್ಯವಿದೆ ಎಂದು.

ಜಗದೇವ ತಪ್ಪನ್ನು ತೋರಿಸಿದಾಗ ಕಡತ ಗಣಕಯಂತ್ರದಲ್ಲಿ ಮೇಲೇರಿ ಆಗಿತ್ತು.

“ಏರಿದ್ದು ಇಳ್ಯಂಗಿಲ್ಲಪಾ,” ಎಂದ ಶಂಕರಲಿಂಗ. “ತಿದ್ದಬೇಕಂದ್ರ ತಪ್ಪು ಯಾರದು ಅಂತ ಬರೀಬೇಕಾಗ್ತದ. ಬರೀಲೇನು ನಿನ್ನ ಹೆಸರು?”

ಬೇಡವೆಂದು ಜಗದೇವ ಕೈಮುಗಿದ.

ಪ್ರಹ್ಲಾದ ಸಾಹೇಬರಿಗೆ ಕಡತದಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಸಂತೆಯಲ್ಲಿ ಸಿಗುವ ಗ್ಯಾಸ್ಕೆಟ್ಟಿಗೂ ಸರ್ಕಾರದ ಗ್ಯಾಸ್ಕೆಟ್ಟಿಗೂ ಒಂದು ವ್ಯತ್ಯಾಸ ಬೇಡವೇ ಎಂದು ಅವರೇ ಕೇಳಿದರು. ಜಗದೇವ ಧೈರ್ಯ ಮಾಡಿ ಸಿಲಿಕಾನಿನ ಮಾತೆತ್ತಿದ. ಸಾಹೇಬರು ಅದನ್ನು ನಿಯಮದ ಪ್ರಕಾರ ತಿರಸ್ಕರಿಸಿದರು. ಸೋರಿಕೆ ಒಂದೇ ಇರುವಾಗ ಪರಿಹಾರ ಎರಡು ಕೊಡುವುದು ಒಂದೇ ಕುರ್ಚಿಗೆ ಇಬ್ಬರನ್ನು ನೇಮಿಸಿದ ಹಾಗೆ. ಮೊಹರು ಬಿದ್ದ ಮೇಲೆ ಅಂಟು ಏತಕ್ಕೆ? ಸಾಹೇಬರು ಸ್ವತಃ ಗ್ಯಾಜೆಟೆಡ್ ಅಧಿಕಾರಿಯೇ, ಆದರೆ ತಾವು ಕೂಡುವ ಜೀಪಿಗೆ ತಾವೇ ಮೊಹರು ಹೊಡೆದುಕೊಂಡರೆ ನಾಳೆ ಜನ ಏನಂದಾರು? ಬೇರೆ ತಾಲ್ಲೂಕಿನ ಅಧಿಕಾರಿಯ ಮೊಹರು ತರಬೇಕೆಂದು ಆದೇಶವಾಯಿತು. ಜೀಪು ಬಿಚ್ಚಿ ಇಟ್ಟಿದ್ದರಿಂದ ಬಸ್ಸಿನಲ್ಲಿ ಹೋಗಬೇಕೆಂದೂ ಆಯಿತು.

ಜೇವರ್ಗಿಯ ಅಧಿಕಾರಿ ಬಹಳ ಸಜ್ಜನರು. ಮೊಹರು ಇದೆ, ಶಾಯಿ ಒಣಗಿದೆ, ಶಾಯಿಯ ಟೆಂಡರು ನಡೆದಿದೆ, ಮುಂದಿನ ವರ್ಷ ಬರ್ರಿ ಎಂದು ಚಹಾ ಕುಡಿಸಿ ಕಳಿಸಿದರು.

ಆಳಂದದ ಬಸ್ಸಿನಲ್ಲಿ ಜಗದೇವ ಹೊಸ ಗ್ಯಾಸ್ಕೆಟ್ಟನ್ನು ಹೆಗಲಿಗೆ ಹಾಕಿಕೊಂಡು ಕೂತ. ಮಡಚಿದರೆ ಮುರಿಯುತ್ತದೆಂಬ ಹೆದರಿಕೆ. ಗಾಣಗಾಪುರದಲ್ಲಿ ದತ್ತನ ದರ್ಶನ ಮುಗಿಸಿ ಬಂದ ಮುದುಕಿಯೊಬ್ಬಳು ಪಕ್ಕದಲ್ಲಿ ಕೂತು, ಇದು ಯಾವ ದೇವರದಪ್ಪಾ ಎಂದಳು. ಸರ್ಕಾರದ್ದು ಎಂದ ಜಗದೇವ. ಆಕೆ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಪಿಂಚಣಿ ನಿಂತು ಬಹಳ ದಿನವಾಗಿತ್ತಂತೆ, ಏನಾದರೂ ಒಳ್ಳೆಯದಾಗಲಿ ಎಂದಳು.

ಆಳಂದದಲ್ಲಿ ನೆರಳು ಅಭಿವೃದ್ಧಿ ಅಧಿಕಾರಿ ನರ್ಮದಾ ಮೇಡಂ ಅವರ ಕಚೇರಿ ರಣಬಿಸಿಲಿನಲ್ಲಿತ್ತು. ಮೇಡಂ ನಿಯಮ ಬಲ್ಲವರು. ಗ್ಯಾಸ್ಕೆಟ್ಟನ್ನು ಮೇಜಿನ ಮೇಲೆ ಇಡಿಸಿ, ಕನ್ನಡಕ ಸರಿಮಾಡಿಕೊಂಡು ನೋಡಿದರು.

“ಇದು ನಕಲು. ಮೂಲ ಪ್ರತಿ ಎಲ್ಲದರಿ?”

ಜಗದೇವನಿಗೆ ತಿಳಿಯಲಿಲ್ಲ. ಹಳೆಯದನ್ನು ತೆಗೆದು ಅದರ ಜಾಗಕ್ಕೆ ಹೊಸದು ಹಾಕುವಾಗ ಹಳೆಯದು ಮೂಲವಾಗುತ್ತದೆ, ಹೊಸದು ನಕಲಾಗುತ್ತದೆ, ಮೂಲ ನೋಡದೆ ನಕಲಿಗೆ ಮೊಹರು ಹಾಕಿದವರು ಎಷ್ಟೋ ಜನ ಮನೆಗೆ ಹೋಗಿದ್ದಾರೆ ಎಂದು ಮೇಡಂ ತಿಳಿಸಿ ಹೇಳಿದರು. ಅವನು ಮತ್ತೆ ಅಫಜಲಪುರಕ್ಕೆ ಬಂದ. ಹಳೆಯ ಗ್ಯಾಸ್ಕೆಟ್ಟು ಮೆಹರಾಜಬೇಗಂಳ ಆಡಿನ ಮುಂದೆ ಬಿದ್ದಿತ್ತು. ಆಡು ಒಮ್ಮೆ ಕಚ್ಚಿ ನೋಡಿ ಬಿಟ್ಟಿತ್ತು. ಅದನ್ನು ಒರೆಸಿಕೊಂಡು ಮರುದಿನ ಮತ್ತೆ ಆಳಂದಕ್ಕೆ ಹೋದ.

ಮೇಡಂ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಬೋಲ್ಟಿನ ತೂತುಗಳ ಮೇಲೆ ಬೆರಳಿಟ್ಟು ತಾಳೆ ನೋಡಿದರು. ತೂತುಗಳು ಸರಿಯಾಗಿದ್ದವು. ಆಮೇಲೆ ಬೆರಳು ಒಂದು ಕಡೆ ನಿಂತಿತು.

“ಮೂಲದಾಗ ಇಲ್ಲಿ ಹರದದ. ನಕಲಿನ್ಯಾಗ ಹರದಿಲ್ಲ. ಇದು ನಿಜ ಪ್ರತಿ ಅಂತ ನಾ ಹ್ಯಾಂಗ ಬರೀಲಿ?”

“ಹರದದ್ದಕ್ಕ ಹೊಸಾದು ಹಾಕಾಕತ್ತೇವಿ ಮೇಡಂ ರಿ.”

“ಅದು ನಿಮ್ಮ ಇಲಾಖೆ ವಿಚಾರ. ನನ್ನ ಕೆಲಸ ತಾಳೆ ನೋಡೂದು.”

ಹೊಸ ಗ್ಯಾಸ್ಕೆಟ್ಟಿನ ಬೆಂಡು ಇನ್ನೂ ಅಂಗಡಿಯ ವಾಸನೆ ಬಿಟ್ಟಿರಲಿಲ್ಲ. ಜಗದೇವನ ಕಣ್ಣ ಮುಂದೆ ಚಾಮರಾಜನಗರ ಬಂತು. ಅವನು ಅದನ್ನು ನೋಡಿರಲಿಲ್ಲವಾದ್ದರಿಂದ ಬರೀ ಒಂದು ಖಾಲಿ ಕೋಣೆ, ಒಬ್ಬನೇ ಬೇಯಿಸಿಕೊಂಡು ತಿನ್ನುವ ಅನ್ನ ಕಂಡಿತು. ಅವನು ಹೊಸ ಗ್ಯಾಸ್ಕೆಟ್ಟನ್ನು ಎತ್ತಿಕೊಂಡು, ಹಳೆಯದು ಹರಿದ ಜಾಗದಲ್ಲೇ, ಹರಿದಷ್ಟೇ ಉದ್ದ, ಕೈಯಾರೆ ಹರಿದ. ಆಡು ಕಚ್ಚಿದ ಗುರುತನ್ನೂ ಮೇಡಂ ನೆನಪಿಸಿದರು. ಜಗದೇವ ಅದನ್ನು ಹಲ್ಲಿನಿಂದ ಮಾಡಿಕೊಟ್ಟ.

ಮೇಡಂ ಸಂತೋಷಪಟ್ಟು, ‘ಮೂಲದೊಂದಿಗೆ ತಾಳೆ ನೋಡಲಾಗಿದೆ, ನಿಜ ಪ್ರತಿ’ ಎಂದು ಬರೆದು, ನೇರಳೆ ಶಾಯಿಯ ದುಂಡು ಮೊಹರು ಒತ್ತಿದರು. ಇಂಥ ಪ್ರಾಮಾಣಿಕ ಗ್ಯಾಸ್ಕೆಟ್ಟು ತಮ್ಮ ಸೇವೆಯಲ್ಲೇ ನೋಡಿರಲಿಲ್ಲ ಎಂದೂ ಹೇಳಿದರು.

ಗ್ಯಾರೇಜಿನಲ್ಲಿ ಮೆಹರಾಜಬೇಗಂ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಹಣೆ ಬಡಿದುಕೊಂಡಳು. ಜನ ಹೊಸದನ್ನು ಹಾಕಿಸಿಕೊಳ್ಳಲು ಬರುತ್ತಾರೆ, ಇವನು ಹೊಸದನ್ನು ಹಳೆಯದು ಮಾಡಿಸಿಕೊಂಡು ಬಂದಿದ್ದಾನೆ ಎಂದು ಅವಳಿಗೆ ನಗು ತಡೆಯಲಿಲ್ಲ. ಜಗದೇವನಿಗೆ ನಗು ಬರಲಿಲ್ಲ. ಬೇರೆ ಗ್ಯಾಸ್ಕೆಟ್ ಹಾಕುವ ಹಾಗಿಲ್ಲ, ತಪಾಸಣೆಯಲ್ಲಿ ಮೊಹರು ಕೇಳುತ್ತಾರೆ. ಇದನ್ನೇ ಹಾಕಿದರೆ ಸೋರುತ್ತದೆ, ತಾನು ಹೆಚ್ಚುವರಿ ಆಗುತ್ತಾನೆ.

“ಆಪಾ, ನೀನೇ ಏನರ ಮಾಡು,” ಎಂದ.

ಮೆಹರಾಜಬೇಗಂ ಅವನ ಮುಖ ನೋಡಿ ನಗು ನಿಲ್ಲಿಸಿದಳು. ಗೂಡಿನಿಂದ ತನ್ನದೇ ಸಿಲಿಕಾನಿನ ಕೊಳವೆ ತೆಗೆದಳು. ಚೇಂಬರಿನ ಅಂಚನ್ನು ಕೆರೆದು, ಎಣ್ಣೆಯ ಪಸೆ ಹೋಗುವ ತನಕ ಒರೆಸಿ, ಹರಿದ ಜಾಗದಲ್ಲಿ ತುಂಬಿ, ಉಳಿದ ಕಡೆ ತೆಳ್ಳಗೆ ಸವರಿ, ಬೋಲ್ಟು ಬಿಗಿದಳು. ಮೊಹರು ಬಿದ್ದ ತುದಿ ಮಾತ್ರ ನಾಲಿಗೆ ಚಾಚಿದ ಹಾಗೆ ಹೊರಗೆ ಕಾಣಲೆಂದು ಬಿಟ್ಟಳು. ಒಂದು ದಿನ ಹಾಗೇ ಒಣಗಲಿ, ಆಮೇಲೆ ಎಣ್ಣೆ ಹಾಕು ಎಂದಳು. ಸಿಲಿಕಾನಿನ ಲೆಕ್ಕಕ್ಕೆ ಸುಮಂಗಲಾ ಎರಡು ಕುಪ್ಪಸ ಹೊಲಿದುಕೊಡಬೇಕು, ಅಸ್ತರು ಹಚ್ಚಿ, ಎಂದೂ ಅಂದಳು.

ತಪಾಸಣೆಯ ದಿನ ಜೀಪಿನ ಕೆಳಗೆ ಬಿಳಿ ಹಾಳೆ ಹಾಸಲಾಯಿತು. ಉಪವಿಭಾಗದ ಸಮಸ್ತ ಸಿಬ್ಬಂದಿ ಸುತ್ತ ನಿಂತು ಹಾಳೆಯನ್ನೇ ನೋಡುತ್ತಿದ್ದರು. ಇಂಜಿನ್ ಗುಡುಗಿತು. ಹಿರಿಯ ಅಧಿಕಾರಿಗಳು ಚಹಾ ಕುಡಿದು ಮುಗಿಸಿದರು. ಹಾಳೆ ಬೆಳ್ಳಗೆ ಉಳಿಯಿತು.

ಇಷ್ಟು ವರ್ಷ ನಿಲ್ಲದ್ದು ಹೇಗೆ ನಿಂತಿತು ಎಂದು ಅವರು ಕೇಳಿದರು. ಎಲ್ಲರೂ ಜಗದೇವನ ಕಡೆ ತಿರುಗಿದರು. ಸಿಲಿಕಾನ್ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದು ತಿರಸ್ಕೃತ ಪರಿಹಾರ. ತಿರಸ್ಕೃತ ಪರಿಹಾರದಿಂದ ಸೋರಿಕೆ ನಿಲ್ಲಿಸುವುದು ಸೋರುವುದಕ್ಕಿಂತ ದೊಡ್ಡ ಅಪರಾಧ. ಶಂಕರಲಿಂಗ ಮೊಬೈಲು ಕೈಯಲ್ಲಿ ಹಿಡಿದು, ಬರೆಯಲೇನು ಎನ್ನುವಂತೆ ನೋಡುತ್ತಿದ್ದ.

“ಮೊಹರಿನಿಂದ ನಿಂತದ್ರಿ ಸಾಹೇಬ್ರ,” ಎಂದ ಜಗದೇವ.

ಹಿರಿಯ ಅಧಿಕಾರಿಗಳು ಬಗ್ಗಿ ನೋಡಿದರು. ನೇರಳೆ ಮೊಹರು ಸ್ಪಷ್ಟವಾಗಿತ್ತು. ಆಮೇಲೆ ಹೊರಟ ಸುತ್ತೋಲೆಯ ಸಾರಾಂಶ ಹೀಗಿತ್ತು:

‘ಸೋರಿಕೆಯನ್ನು ಮೊಹರಿನಿಂದ ತಡೆಯಬಹುದೆಂದು ಕ್ಷೇತ್ರ ಪರೀಕ್ಷೆಯಿಂದ ಸಾಬೀತಾಗಿರುವುದರಿಂದ, ಇನ್ನು ಮುಂದೆ ಕಾಲುವೆ, ತೂಬು, ಟಾಕಿ, ನಲ್ಲಿ ಇತ್ಯಾದಿ ಸೋರುವ ಸಮಸ್ತ ಸ್ಥಳಗಳಿಗೆ ಗ್ಯಾಜೆಟೆಡ್ ಮೊಹರು ಕಡ್ಡಾಯ. ಮೊಹರು ಹಾಕುವ ಮುನ್ನ ಮೂಲ ಬಿರುಕಿನೊಂದಿಗೆ ತಾಳೆ ನೋಡತಕ್ಕದ್ದು. ಬಿರುಕು ಇಲ್ಲದಿದ್ದಲ್ಲಿ ಮಾಡಿಕೊಳ್ಳತಕ್ಕದ್ದು.’

ಕರಜಗಿ ಕಡೆ ಹೋಗುವ ಉಪಕಾಲುವೆಯ ಬಿರುಕಿಗೆ ಮೂರೂ ತಾಲ್ಲೂಕಿನ ಅಧಿಕಾರಿಗಳು ಕೂಡಿ ಬುಟ್ಟಿಯಷ್ಟು ಅಗಲದ ಮೊಹರು ಒತ್ತಿದರು. ಶಾಯಿಯ ಟೆಂಡರು ಜೇವರ್ಗಿಯಲ್ಲಿ ತುರ್ತಾಗಿ ಮುಗಿಯಿತು. ಒಂದು ಮೊಹರಿಗೆ ಒಂದು ಪೀಪಾಯಿ ಶಾಯಿ ಎಂದು ದರ ನಿಗದಿಯಾಯಿತು. ಕರಜಗಿಯ ರೈತ ಶಿವರಾಯ ದಂಡೆಯ ಮೇಲೆ ನಿಂತು, ನೀರು ಇನ್ನೂ ಹೋಗುತ್ತಲೇ ಇದೆಯಲ್ಲ ಎಂದು ಕೇಳಿದ. ಮೊದಲು ಹೋಗುತ್ತಿದ್ದದ್ದು ಸೋರಿಕೆ, ಈಗ ಹೋಗುತ್ತಿರುವುದು ದೃಢೀಕೃತ ನೀರು ಎಂದು ಪ್ರಹ್ಲಾದ ಸಾಹೇಬರು ವಿವರಿಸಿದರು. ಶಿವರಾಯ ಸ್ವಲ್ಪ ಯೋಚಿಸಿ, ನೀರಿನ ಬಣ್ಣ ನೇರಳೆ ಆಗಿರುವುದನ್ನು ಕಂಡು, ಹೌದ್ರಿ ಎಂದ.

ಮೆಹರಾಜಬೇಗಂ ನಿವೃತ್ತ ಅಧಿಕಾರಿಯೊಬ್ಬರನ್ನು ಗ್ಯಾರೇಜಿನಲ್ಲಿ ಕುರ್ಚಿ ಹಾಕಿ ಕೂಡಿಸಿದಳು. ಬಾಗಿಲಿಗೆ ‘ಇಲ್ಲಿ ಮೊಹರಿನ ಗ್ಯಾಸ್ಕೆಟ್ ಸಿಗುತ್ತದೆ, ಹರಿದೇ ಕೊಡಲಾಗುವುದು’ ಎಂದು ಬೋರ್ಡು ಬಂತು. ಸಿಲಿಕಾನನ್ನು ಅವಳು ಈಗಲೂ ಹಚ್ಚುತ್ತಿದ್ದಳು, ಪರದೆ ಎಳೆದುಕೊಂಡು. ಬಿಲ್ಲಿನಲ್ಲಿ ಅದಕ್ಕೆ ‘ಮೊಹರು ಒಣಗಿಸಿದ ಖರ್ಚು’ ಎಂದು ಹೆಸರು. ಮೊದಲಿಗಿಂತ ದುಪ್ಪಟ್ಟು ದರವಾದರೂ ಜೇವರ್ಗಿ, ಆಳಂದದಿಂದ ಟ್ರ್ಯಾಕ್ಟರುಗಳು ಸಾಲುಗಟ್ಟಿ ಬಂದವು.

ಜಗದೇವ ಎಲ್ಲಿಗೂ ಹೋಗಬೇಕಾಗಲಿಲ್ಲ. ಜೀಪು ಈಗ ಪುರಾವೆಯಾದ್ದರಿಂದ ಅದನ್ನು ಓಡಿಸುವುದು ನಿಷಿದ್ಧವಾಯಿತು. ಕಚೇರಿಯ ಅಂಗಳದಲ್ಲಿ ಹಗ್ಗ ಕಟ್ಟಿ ನಿಲ್ಲಿಸಿದರು. ಅವನಿಗೆ ‘ಮೊಹರು ವಾಹಕ’ ಎಂಬ ಹೊಸ ಹುದ್ದೆ, ಊರಲ್ಲೇ. ಮೊಹರಿನ ಪೆಟ್ಟಿಗೆಯನ್ನು ಬಗಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಿರುಗುವುದೇ ಕೆಲಸ.

ಮಳೆಗಾಲ ಬಂತು. ಸ್ಲ್ಯಾಬು ಸೋರಿ, ಕರಜಗಿಯವರ ರೇಷ್ಮೆ ಕುಪ್ಪಸದ ಮೇಲೆ ಹನಿ ಬಿತ್ತು. ಸುಮಂಗಲಾ ಮಿಷನ್ ಎಳೆಯುತ್ತ ಗಂಡನ ಮೇಲೆ ರೇಗಿದಳು. ಊರಿಗೆಲ್ಲ ಮೊಹರು ಹೊಡೆಯುತ್ತ ಅಡ್ಡಾಡುವವನಿಗೆ ಮನೆಯ ಸ್ಲ್ಯಾಬು ಕಾಣುವುದಿಲ್ಲವೇ ಎಂದಳು. ಜಗದೇವನಿಗೆ ಇನ್ನು ತಡೆಯಲಾಗಲಿಲ್ಲ. ಬಾಗಿಲು ಮುಂದೆ ಮಾಡಿ, ಸೋರಿಕೆ ನಿಲ್ಲಿಸಿದ್ದು ಮೊಹರಲ್ಲ, ಮೆಹರಾಜ ಆಪಾನ ಸಿಲಿಕಾನ್ ಎಂದು ಉಸಿರು ಬಿಟ್ಟು ಹೇಳಿಬಿಟ್ಟ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಸುಮಂಗಲಾ ಅವನನ್ನು ಮರುಕದಿಂದ ನೋಡಿದಳು.

“ಮೂರು ತಾಲ್ಲೂಕಿನ ಸಾಹೇಬ್ರು ಸುಳ್ಳು ಹೇಳ್ತಾರ, ನೀವೊಬ್ರು ಖರೇ ಹೇಳ್ತೀರಿ ಹೌದಿಲ್ಲ? ಸ್ಟೂಲ್ ಹಿಡೀತೇನಿ, ಏರ್ರಿ.”

ಅವನು ಪೆಟ್ಟಿಗೆ ಬಿಚ್ಚಿ, ಸ್ಟೂಲು ಏರಿ, ಒದ್ದೆ ಸ್ಲ್ಯಾಬಿಗೆ ನರ್ಮದಾ ಮೇಡಂ ಅವರ ಮೊಹರು ಒತ್ತಿದ.

ಮರುದಿನ ಬೆಳಿಗ್ಗೆ ಒಂದು ಹನಿಯೂ ಬೀಳಲಿಲ್ಲ. ಸುಮಂಗಲಾ ಮಿಷನ್ನನ್ನು ಮೊದಲಿನ ಜಾಗಕ್ಕೆ, ಸರಿಯಾಗಿ ಮೊಹರಿನ ಕೆಳಗೇ ಎಳೆದು ತಂದು, ಕುಂಕುಮ ಹಚ್ಚಿ ತುಳಿಯತೊಡಗಿದಳು. ಓಣಿಯ ಹೆಣ್ಣುಮಕ್ಕಳು ಬಾಗಿಲಲ್ಲಿ ಸೇರಿ, ತಮ್ಮ ಮನೆಗೂ ಬರಬೇಕೆಂದು ಜಗದೇವಣ್ಣನನ್ನು ಬೇಡಿಕೊಂಡರು. ಅವನು ಕತ್ತೆತ್ತಿ ಸ್ಲ್ಯಾಬನ್ನು ನೋಡಿದ. ನೇರಳೆ ಮೊಹರು ಒಣಗಿ ಸ್ಪಷ್ಟವಾಗಿ ಕೂತಿತ್ತು. ಸ್ವಲ್ಪ ಹೊತ್ತು ನೋಡುತ್ತಲೇ ನಿಂತಿದ್ದು, ಕೊನೆಗೆ ಅವನೂ ಕೈಮುಗಿದ.

ಮಳೆ ಹಿಂದಿನ ಸಂಜೆಯೇ ನಿಂತಿತ್ತು. ಅದನ್ನು ಯಾರೂ ದಾಖಲಿಸಲಿಲ್ಲ.