ಮರ್ಯಾದಸ್ಥ ದೋಣಿ

ದೋಣಿಗೆಂದು ಹಳೇ ಎಂಜಿನ್ ಮಾರಿದವನು ಒಂದು ಕೆಂಪು ದಾರವನ್ನೂ ಕೊಟ್ಟು, “ಒಂದು ತುದಿ ಎಂಜಿನ್ನಿಗೆ ಸಿಕ್ಕಿಸು, ಇನ್ನೊಂದು ನಿನ್ನ ಕೈಗೆ ಕಟ್ಕೊ” ಅಂದಿದ್ದ. ಯಾಕೆಂದು ರುದ್ರೇಶ ಕೇಳಲಿಲ್ಲ. ದೃಷ್ಟಿ ದಾರ ಇರಬೇಕು ಅಂದುಕೊಂಡು ಹಾಗೇ ಕಟ್ಟಿಕೊಂಡ.

ಹೇಮಾವತಿ ಹಿನ್ನೀರಿನಲ್ಲಿ ಜನರನ್ನು ದಾಟಿಸುವ ಪರವಾನಗಿ ಈ ಸಲ ಒಬ್ಬನಿಗೇ. ಪಂಚಾಯ್ತಿ ಅಧ್ಯಕ್ಷ ಗಂಗಯ್ಯನವರು ಅಂದು ಮಧ್ಯಾಹ್ನ ಖುದ್ದಾಗಿ ಕೂತು ನೋಡಿ ತೀರ್ಮಾನಿಸುವವರಿದ್ದರು. ಎದುರಾಳಿ ಲಕ್ಕಯ್ಯನ ಹತ್ತಿರ ಇದ್ದದ್ದು ತೇಪೆ ಹಾಕಿದ ಹರಿಗೋಲು. ರುದ್ರೇಶ ಆಗಲೇ ಗೆದ್ದವನಂತೆ ಓಡಾಡುತ್ತಿದ್ದ.

ಬೆಳಗ್ಗೆ ದೋಣಿ ಗುರುಗುಟ್ಟುತ್ತ ಹೊರಟಿತು. ದಡದಲ್ಲಿ ಶ್ರೀರಂಗಮ್ಮ ಟೀಚರ್ ಕಂಡರು, ಮೂರನೇ ಕ್ಲಾಸಿನಲ್ಲಿ ಅವನ ಕಿವಿ ಹಿಂಡಿದವರು. ಎದ್ದು ನಿಂತು ಕೈಮುಗಿದ. ಎಂಜಿನ್ ನಿಂತಿತು.

ಟಿಲ್ಲರ್ ರಿಪೇರಿಯ ಪಾಪಯ್ಯ ಓಡಿಬಂದ. “ಪ್ಲಗ್ ಓಗೈತೆ ಕಣ್ಲಾ” ಎಂದು ಬಿಚ್ಚಿ, ಊದಿ, ಪಂಚೆಗೆ ಒರೆಸಿ ಹಾಕಿದ. ಕಳಚಿದ್ದ ದಾರವನ್ನೂ ಸಿಕ್ಕಿಸಿದ. ಎಂಜಿನ್ ಶುರುವಾಯಿತು. ನಡುನೀರಿನಲ್ಲಿ ದೇವಸ್ಥಾನದ ಗೋಪುರ ಕಂಡಿತು. ರುದ್ರೇಶ ಎದ್ದು ಕೈಮುಗಿದ. ಮತ್ತೆ ನಿಂತಿತು.

ಹುಟ್ಟು ಹಾಕಿ ದಡಕ್ಕೆ ತಂದಾಗ, “ಪೆಟ್ರೋಲಲ್ಲಿ ನೀರೈತೆ” ಅಂದ ಪಾಪಯ್ಯ, ದಾರವನ್ನು ಮತ್ತೆ ಸಿಕ್ಕಿಸುತ್ತ.

“ನಿಂಬೆಹಣ್ಣು ಕಟ್ಲಾ” ಅಂದರು ದಡದವರು. ಅದನ್ನೂ ಕಟ್ಟಿದ್ದಾಯಿತು.

ಮಧ್ಯಾಹ್ನ ಗಂಗಯ್ಯನವರು ಗುರುಗುಟ್ಟುತ್ತಿದ್ದ ದೋಣಿಗೆ ಕಾಲಿಟ್ಟರು. ರುದ್ರೇಶ ಎದ್ದು ಕೈಮುಗಿದ. ನಿಂತಿತು. ಪಾಪಯ್ಯ ಮತ್ತೆ ಶುರುಮಾಡಿಕೊಟ್ಟ ಮೇಲೆ ಅವರು ಇಳಿದು ಹತ್ತಿದರು. ಅವನು ಇನ್ನಷ್ಟು ಭಕ್ತಿಯಿಂದ ಎದ್ದ. ಮತ್ತೆ ನಿಂತಿತು. “ಯಜಮಾನ್ರ ಕಾಲ್ಗುಣ” ಎಂದು ದಡದಲ್ಲಿ ಯಾರೋ ಪಿಸುಗುಟ್ಟಿದರು.

ಗಂಗಯ್ಯನವರ ಮುಖ ಒಣಮೆಣಸಿನಕಾಯಿಯಾಯಿತು. “ಉಂಡ್ಕಂಡು ಬತ್ತೀನಿ. ಇನ್ನೊಂದೇ ಸಲ ನೋಡೋದು.”

ಬೆಳಗ್ಗಿನಿಂದ ನೋಡುತ್ತಿದ್ದ ಟೀಚರ್ ಹತ್ತಿರ ಬಂದರು. “ಲೋ, ಓಡಿಸೋನು ನೀರಿಗೆ ಬಿದ್ರೆ ಎಂಜಿನ್ ನಿಲ್ಲಲಿ ಅಂತ ಇರೋ ದಾರ ಕಣೋ ಅದು. ನೀನು ಕೈಮುಗಿದಾಗೆಲ್ಲ ಕಿತ್ಕೊಂಡ್ ಬರ್ತಿದೆ. ಅಲ್ಲಾಡದೆ ಕೂತ್ಕೊ.”

ರುದ್ರೇಶನಿಗೆ ಹೋದ ಜೀವ ಬಂತು.

ಗಂಗಯ್ಯನವರು ಬಂದರು. ರುದ್ರೇಶನ ಮೈ ತಾನಾಗಿಯೇ ಏಳಹೊರಟಿತು. ಹಲ್ಲುಕಚ್ಚಿ, ಒಂದು ಕೈಯನ್ನು ತೊಡೆಯಡಿ ಅದುಮಿಕೊಂಡು ಕೂತ. ದೋಣಿ ಒಂದು ಸಲವೂ ಕೆಮ್ಮದೆ ಆಚೆ ದಡ ಮುಟ್ಟಿ ವಾಪಸು ಬಂತು. ದಡದವರೆಲ್ಲ ಚಪ್ಪಾಳೆ ತಟ್ಟಿದರು.

“ಎಂಜಿನ್ ಭೇಷಾಗೈತೆ” ಎನ್ನುತ್ತ ಗಂಗಯ್ಯನವರು ಇಳಿದರು. ರುದ್ರೇಶನ ಎದೆ ಉಬ್ಬಿತು. “ಆದ್ರೆ ಪರ್ಮಿಸನ್ ಸಿಗೋಕ್ ಮುಂಚೇನೇ ದೊಡ್ಡೋರ್ ಬಂದ್ರೆ ಎದ್ದೇಳಲ್ಲ ಇವ್ನು. ಸಿಕ್ಕಿದ್ ಮ್ಯಾಲೆ ನಮ್ಮನ್ನ ನೀರಿಗೇ ತಳ್ತಾನೆ. ಲಕ್ಕಯ್ಯಂಗೆ ಬರಕೊಡಿ.”

ಹುಟ್ಟನ್ನು ಕಂಕುಳಲ್ಲಿ ಇರುಕಿಕೊಂಡು, ಓಲಾಡುವ ಹರಿಗೋಲಿನಲ್ಲಿ ಲಕ್ಕಯ್ಯ ಎದ್ದು ನಿಂತು ಎರಡೂ ಕೈ ಮುಗಿದಿದ್ದ.

“ಸಾ, ಅಂಗಲ್ಲ ಸಾ” ಎಂದು ರುದ್ರೇಶ ದಡಬಡಿಸಿ ಎದ್ದು ಕೈಮುಗಿದ.

ಎಂಜಿನ್ ನಿಂತಿತು.